ಎರಡೂ ಕಡೆ ಸಮ

ಹತ್ತು ಗಂಟೆಯಿಂದ ಈಚೆಗೆ ಸೊಸೆ ಹೊಸ್ತಿಲು ದಾಟಿ ಹೊರಗೆ ಬಂದದ್ದು ಎಂಟು ಸಲ, ಒಳಗೆ ಹೋದದ್ದು ಏಳು ಸಲ. ಹಾಗಾಗಿ ಈಗ ಅವಳು ಹೊರಗಿದ್ದಳು.

ಹೊರಗೆ, ಕಾರಿಲ್ಲದ ಮನೆಯ ಕಾರ್‌ಶೆಡ್ಡಿನಲ್ಲಿ, ಆರೋಗ್ಯ ಕೇಂದ್ರದವರು ನರ್ಸ್ ಆದ ಅವಳಿಗೆ ಕೊಟ್ಟ ನಾಲ್ಕು ಚಕ್ರದ ಗಾಡಿ ನಿಂತಿತ್ತು. ಕುದುರೆಯ ಮೇಲೆ ಕೂತಂತೆ ಕೂತು, ಸ್ಕೂಟರಿನಂತೆ ಹ್ಯಾಂಡಲ್ ಹಿಡಿದು ಓಡಿಸುವ, ಕಲ್ಲು ಮರಳುಗಳಿಗೆ ಜಗ್ಗದ ಗಾಡಿ. ಕಾಗದಪತ್ರಗಳಲ್ಲಿ ಅದರ ಹೆಸರು ಎಟಿವಿ. ಹಸಿರು ಮೈ, ಉಬ್ಬಿದ ಎರಡು ದೀಪ, ನಿಂತಲ್ಲೇ ಕುಪ್ಪಳಿಸುವ ಚಾಳಿ. ಮನೆಯವರು ಅದನ್ನು ಕಪ್ಪೆ ಎನ್ನುತ್ತಿದ್ದರು.

ಹೋದ ತಿಂಗಳು ಈ ಕಪ್ಪೆ ಹೊಳೆಯ ಪಾತ್ರದ ಕೆಸರಿನಲ್ಲಿ ಹೂತುಹೋಗಿತ್ತು. ಹೊಳೆಯಾಚೆ ಕಲ್ಲುಗಣಿಯ ಬಿಡಾರಗಳಿವೆ. ಅಲ್ಲಿ ಲಸಿಕೆ ಹಾಕಿಸಿಕೊಳ್ಳಬೇಕಾದ ಹತ್ತೊಂಬತ್ತು ಮಕ್ಕಳಿದ್ದಾರೆ. ಅವತ್ತು ತಾಯಂದಿರು ಆ ದಿನದ ಕೂಲಿ ಬಿಟ್ಟು, ತಗಡಿನ ಶೆಡ್ಡಿನ ಕೆಳಗೆ ಸಂಜೆಯವರೆಗೂ ಕಾದಿದ್ದರಂತೆ. ಇವಳು ಈಚೆ ದಡದಲ್ಲಿ ಸೊಂಟದವರೆಗೆ ಕೆಸರು ಮೆತ್ತಿಕೊಂಡು ಗಾಡಿ ಎಳೆಸುತ್ತಿದ್ದಳು. ಮಾರನೆಯ ದಿನ ಕೇಂದ್ರದ ಡಾಕ್ಟರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ನೋಡಮ್ಮ, ದೊಡ್ಡ ಟೈರು ಹಾಕಿಸಿಕೊಡ್ತೀನಿ. ಇನ್ನೊಂದು ಸಲ ನೋಡು. ಆಗಲಿಲ್ಲ ಅಂದ್ರೆ ಆ ಕಡೆಯೋರನ್ನ ಇಲ್ಲಿಗೇ ಬರೋಕೆ ಹೇಳಿಬಿಡೋಣ" ಎಂದಿದ್ದರು. ಇಲ್ಲಿಗೆ ಎಂದರೆ ಹನ್ನೊಂದು ಮೈಲಿ ನಡಿಗೆ, ಕಂಕುಳಲ್ಲಿ ಕೂಸು. ಯಾರೂ ಬರುವುದಿಲ್ಲ ಎಂಬುದು ಡಾಕ್ಟರಿಗೂ ಗೊತ್ತಿತ್ತು, ಇವಳಿಗೂ ಗೊತ್ತಿತ್ತು.

ಆ ಇನ್ನೊಂದು ಸಲವೇ ಇವತ್ತು. ಮೂರು ಗಂಟೆಗೆ ಮೇಲಿನ ಅಣೆಕಟ್ಟಿನಿಂದ ನೀರು ಬಿಡುತ್ತಾರೆ. ಬಿಟ್ಟರೆ ನಾಳೆ ಬೆಳಿಗ್ಗೆಯವರೆಗೆ ಹೊಳೆ ದಾಟುವಂತಿಲ್ಲ. ಹೊಳೆಗೆ ಮುಕ್ಕಾಲು ಗಂಟೆಯ ದಾರಿ. ಎರಡು ಗಂಟೆಗೆ ಹೊರಟರೆ ಉಂಟು, ಇಲ್ಲದಿದ್ದರೆ ಇಲ್ಲ. ಐಸ್ ಪ್ಯಾಕ್ ಇಟ್ಟು ಬಿಗಿದ ಲಸಿಕೆ ಪೆಟ್ಟಿಗೆ ಆಗಲೇ ನಡುಮನೆಯ ಮೇಜಿನ ಮೇಲೆ ಮದುವಣಗಿತ್ತಿಯ ಹಾಗೆ ಕೂತಿತ್ತು.

ತೊಂದರೆ ಶುರುವಾದದ್ದು ದೊಡ್ಡ ಟೈರಿನಿಂದಲೇ. ನೇರ ಹೋಗುವಾಗ ಏನೂ ಇಲ್ಲ. ಹ್ಯಾಂಡಲ್ ಪೂರ್ತಿ ತಿರುಗಿಸಿದರೆ ಮುಂದಿನ ಚಕ್ರ ಪ್ಲಾಸ್ಟಿಕ್ ಮಡ್‌ಗಾರ್ಡಿಗೆ ಕಚ್ಚಿಕೊಂಡು, ಕರ್ರೋ ಎಂದು ಉಜ್ಜಿ, ಸುಟ್ಟ ವಾಸನೆ ಬರುತ್ತಿತ್ತು. ಹೊಳೆಗೆ ಇಳಿಯುವ ದಾರಿಯಲ್ಲಿ ಹಾವಿನಂಥ ಮೂರು ತಿರುವುಗಳಿವೆ. ಅಲ್ಲಿ ಚಕ್ರ ಕಚ್ಚಿಕೊಂಡರೆ ಗಾಡಿ ಒಂದು ಕಡೆ, ಅವಳು ಒಂದು ಕಡೆ. ಮೆಕ್ಯಾನಿಕ್ ಫೋನಿನಲ್ಲೇ ಹೇಳಿದ್ದ: "ಏನಿಲ್ಲ ಮೇಡಂ, ಮಡ್‌ಗಾರ್ಡಿನ ಅಂಚು ಒಂಚೂರು ಟ್ರಿಮ್ ಮಾಡ್ಬೇಕು ಅಷ್ಟೇ. ಗುರುವಾರ ತನ್ನಿ."

ಇವತ್ತು ಸೋಮವಾರ.

ಈ ಮಾತು ಮಾವನ ಕಿವಿಗೆ ಬಿದ್ದದ್ದು ಬೆಳಗಿನ ಕಾಫಿಯ ಹೊತ್ತಿಗೆ. ಮಾವ ನಲವತ್ತೊಂದು ವರ್ಷ ಕಟಿಂಗ್ ಶಾಪ್ ನಡೆಸಿದವರು. ಮಂಡಿ ನೋವಿನಿಂದ ನಿಲ್ಲಲಾಗದೆ ಎರಡು ವರ್ಷದ ಹಿಂದೆ ಅಂಗಡಿ ಬಿಟ್ಟಿದ್ದರು. ಅಂಗಡಿ ಬಿಟ್ಟರೂ ಬೆರಳುಗಳು ಬಿಟ್ಟಿರಲಿಲ್ಲ. ಮಾತಾಡುವಾಗ ತೋರುಬೆರಳು ನಡುಬೆರಳು ತಾವಾಗಿಯೇ ಕತ್ತರಿಯಂತೆ ಆಡುತ್ತಿದ್ದವು. ಬಸ್ಸಿನಲ್ಲಿ ಮುಂದೆ ಕೂತವರ ಹಿಂದಲೆ ನೋಡಿ "ಛೆ, ಯಾವ ಪುಣ್ಯಾತ್ಮ ಕತ್ತರಿಸಿದ್ದೋ" ಎಂದು ಮರುಗುವುದು ಅವರ ದಿನಚರಿ.

"ಟ್ರಿಮ್ ತಾನೇ? ಅದಕ್ಕೆ ಗುರುವಾರದವರೆಗೆ ಕಾಯಬೇಕಾ?" ಎಂದು ಲೋಟ ಕೆಳಗಿಟ್ಟು ಎದ್ದಿದ್ದರು. ಎರಡು ವರ್ಷದಲ್ಲಿ ಅವರು ಮಂಡಿ ಹಿಡಿದುಕೊಳ್ಳದೆ ಎದ್ದದ್ದು ಅದೇ ಮೊದಲು. ಅದನ್ನು ನೋಡಿದ ಮೇಲೆ ಬೇಡ ಎನ್ನಲು ಸೊಸೆಗೆ ನಾಲಿಗೆ ಬರಲಿಲ್ಲ.

ಶುರು ಮಾಡಿದ್ದು ಚೆನ್ನಾಗಿಯೇ ಇತ್ತು. ಅಂಗಡಿಯ ಹಳೆಯ ಬಿಳಿ ಬಟ್ಟೆ ತಂದು, ಪ್ಲಾಸ್ಟಿಕ್ ಪುಡಿ ಇಂಜಿನ್ನಿಗೆ ಬೀಳದಂತೆ ಕಪ್ಪೆಯ ಹ್ಯಾಂಡಲಿನ ಸುತ್ತ ಕಟ್ಟಿ, ಹಿಂದೆ ಗಂಟು ಹಾಕಿದರು. "ಬಿಗಿ ಆಯ್ತಾ?" ಎಂದು ಅಭ್ಯಾಸಬಲದಿಂದ ಕೇಳಿಯೂಬಿಟ್ಟರು.

"ಆಗಿಲ್ಲವಂತೆ, ಮುಂದುವರಿಸಿ" ಎಂದರು ಅತ್ತೆ.

ಅತ್ತೆ ಆಗ ಗಾಡಿಯ ಮುಂದಿನ ಕ್ಯಾರಿಯರ್ ಮೇಲೆ ಕೂತಿದ್ದರು. ಅದು ಮಾವನದೇ ಏರ್ಪಾಡು. ಭಾರ ಬಿದ್ದಾಗ ಗಾಡಿ ಎಷ್ಟು ಕುಗ್ಗುತ್ತದೆ ಎಂದು ನೋಡದೆ ಕತ್ತರಿಸಿದರೆ ಅಂದಾಜು ತಪ್ಪುತ್ತದೆ. ಲಸಿಕೆ ಪೆಟ್ಟಿಗೆ, ನೀರಿನ ಕ್ಯಾನು, ಔಷಧದ ಚೀಲ ಎಲ್ಲಾ ಸೇರಿದರೆ ಹೆಚ್ಚುಕಡಿಮೆ ಅತ್ತೆಯಷ್ಟಾಗುತ್ತದೆ ಎಂದು ಅವರ ಲೆಕ್ಕ.

"ಮದುವೆಯಾಗಿ ಇಷ್ಟು ವರ್ಷಕ್ಕೆ ನನ್ನ ತೂಕಕ್ಕೆ ಒಂದು ಬೆಲೆ ಬಂತು" ಎಂದು ಅತ್ತೆ ಸೀರೆ ಒತ್ತಿಕೊಂಡು ಕೂತರು. ಮಡಿಲಲ್ಲಿ ಹುರುಳಿಕಾಯಿ ಬುಟ್ಟಿ. ಕೂತಲ್ಲೇ ನಾರು ಬಿಡಿಸುವುದೂ ನಡೆದಿತ್ತು.

ಆಮೇಲೆ ಮಾವ ಪೌಡರ್ ಡಬ್ಬ ತಂದರು. ಕತ್ತಿನ ಮೇಲೆ ಹಾಕುವ ಮೆತ್ತನೆಯ ಪಫ್ಫಿನಿಂದ ಎಡಗಡೆಯ ಟೈರಿಗೆ ಮಟ್ಟಸವಾಗಿ ಪೌಡರ್ ಬಳಿದು, ಹ್ಯಾಂಡಲನ್ನು ಕೊನೆಯವರೆಗೆ ತಿರುಗಿಸಲು ಸೊಸೆಗೆ ಹೇಳಿದರು. ತಿರುಗಿಸಿ, ವಾಪಸು ತಂದು ನೋಡಿದರೆ ಹಸಿರು ಮಡ್‌ಗಾರ್ಡಿನ ಹಿಂದಿನ ಅಂಚಿನಲ್ಲಿ, ಕಾಲಿಡುವ ಹಲಗೆಯ ಹತ್ತಿರ, ಟೈರು ತಾಗಿದಷ್ಟೇ ಜಾಗದಲ್ಲಿ ಬಿಳಿ ಗುರುತು ಮೂಡಿತ್ತು. ಬಾಳೆಹಣ್ಣಿನ ಆಕಾರ, ಎರಡು ಬೆರಳಗಲ.

ಸೊಸೆಗೆ ನಿಜವಾಗಿ ಖುಷಿಯಾಯಿತು. "ಮಾವ, ಇದು ಮೆಕ್ಯಾನಿಕ್‌ಗೂ ಹೊಳೆದಿರಲ್ಲ!"

"ಅವನಿಗೆಲ್ಲಿ ಪೌಡರ್ ಹಾಕೋ ಅಭ್ಯಾಸ" ಎಂದರು ಮಾವ. ಗರಗಸದ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿ ಮಾಡಿಕೊಂಡು, ಗುರುತಿನ ಗುಂಟ ನಿಧಾನವಾಗಿ ಎಳೆದರು. ಜೋರಾಗಿ ಎಳೆದರೆ ಪ್ಲಾಸ್ಟಿಕ್ ಬಿಸಿಯಾಗಿ ಕರಗಿ ಮತ್ತೆ ಅಂಟಿಕೊಳ್ಳುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಕೈಗೇ ತಿಳಿಯಿತು. ಹನ್ನೆರಡರ ಒಳಗೆ ಎಡಗಡೆಯ ಬಾಳೆಹಣ್ಣು ಕಳಚಿ ಬಿತ್ತು. ಬಲಗಡೆಯ ಗುರುತು ಬಾಳೆಹಣ್ಣಲ್ಲ, ಉಗುರಿನಷ್ಟೇ ಅಗಲ. ಗಾಡಿ ಎಂದೋ ಎಡಕ್ಕೆ ಬಿದ್ದು ಆ ಕಡೆಯ ಮಡ್‌ಗಾರ್ಡ್ ಸ್ವಲ್ಪ ಒಳಗೆ ತಿರುಚಿಕೊಂಡಿತ್ತು, ಅದಕ್ಕೇ ಅಲ್ಲಿ ಹೆಚ್ಚು ಉಜ್ಜುತ್ತಿದ್ದದ್ದು. ಹನ್ನೆರಡೂಕಾಲಿಗೆ ಬಲಗಡೆಯದೂ ಮುಗಿಯಿತು. ಹ್ಯಾಂಡಲ್ ತಿರುಗಿಸಿದರೆ ಎರಡೂ ಕಡೆ ಸಲೀಸು.

ಸೊಸೆ ಉಸಿರು ಬಿಟ್ಟು, ಇನ್ನು ಹೊರಟೆ ಎಂದು ಒಳಗೆ ಹೋಗಿ ಶೂ ಹಾಕಿಕೊಂಡು ಬಂದಳು. ಬಂದು ನೋಡುತ್ತಾಳೆ, ಮಾವ ಗಾಡಿಯ ಎದುರು ನಾಲ್ಕು ಹೆಜ್ಜೆ ದೂರದಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, ತಲೆ ಓರೆ ಮಾಡಿಕೊಂಡಿದ್ದಾರೆ.

"ಎಡಗಡೆ ಮೇಲಿದೆ" ಎಂದರು.

"ಇರ್ಲಿ ಮಾವ, ಉಜ್ಜಲ್ಲವಲ್ಲ."

"ಉಜ್ಜಲ್ಲ ಸರಿ. ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ. ನಾಲ್ಕು ಜನರ ಮುಂದೆ ಹೋಗೋ ಗಾಡಿ. ಒಂದೇ ಒಂದು ಎಳೆ ಬಲಗಡೆ ತೆಗೀತೀನಿ, ಐದು ನಿಮಿಷ."

ಐದು ನಿಮಿಷಕ್ಕೆ ಏನಾದೀತು ಎಂದು ಅವಳು ಸುಮ್ಮನಾದಳು. ಮಾವ ಬಲಗಡೆ ಒಂದು ಎಳೆ ತೆಗೆದರು. ಹೆಬ್ಬೆರಳಗಲ ಹೋಯಿತು. ಹಿಂದೆ ಸರಿದು ನೋಡಿದರು. ಈಗ ಬಲಗಡೆ ಮೇಲೆ! ಮತ್ತೆ ಎಡಕ್ಕೆ ಬಂದರು. ಕೈಯಲ್ಲಿ ಹಿಡಿಯುವ ಕನ್ನಡಿ ತಂದು ಗಾಡಿಯ ಪಕ್ಕದಲ್ಲಿ ಹಿಡಿದು, ಓರೆಯಿಂದ ನೋಡಿ, "ಹೂಂ" ಎಂದು, ಅತ್ತ ಒಂಚೂರು, ಇತ್ತ ಒಂಚೂರು.

ಸೊಸೆ ಒಳಗೆ ಹೋದಳು. ಐಸ್ ಪ್ಯಾಕ್ ಮುಟ್ಟಿ ನೋಡಿದಳು, ಗಟ್ಟಿಯಾಗಿತ್ತು. ಹೊರಗೆ ಬಂದಳು. ಒಂದು ಗಂಟೆ. ಒಳಗೆ ಹೋಗಿ ಸಿರಿಂಜು ಎಣಿಸಿದಳು, ಎಣಿಕೆ ತಪ್ಪಿ ಮತ್ತೆ ಎಣಿಸಿದಳು. ಹೊರಗೆ ಬಂದಳು. ಒಂದೂಕಾಲು. ಸಾಕು ಮಾವ ಎಂಬ ಎರಡು ಮಾತು ಹೇಳಿದರೆ ಮುಗಿಯುತ್ತಿತ್ತು. ಹೇಳುವುದು ಹೇಗೆ? ಈ ಮನೆಗೆ ಬಂದ ಹೊಸತರಲ್ಲಿ ಅವಳು ರಾತ್ರಿ ಪಾಳಿ ಮುಗಿಸಿ ಬರುವಾಗ ಬಸ್ ಸ್ಟಾಪಿನಲ್ಲಿ ಟಾರ್ಚು ಹಿಡಿದು ನಿಂತಿರುತ್ತಿದ್ದವರು ಇದೇ ಮಾವ. ಗಂಡ ಲಾರಿಯ ಮೇಲೆ ಊರೂರು ಸುತ್ತುವವನು. ಅವನಿಗಿಂತ ಹೆಚ್ಚು ದಿನ ಅವಳನ್ನು ಮನೆಗೆ ಕರೆತಂದವರು ಇವರು. ಎರಡು ವರ್ಷದ ಮೇಲೆ ಈಗ ಆ ಮುಖದಲ್ಲಿ ಬೆಳಕಿದೆ, ತುಟಿಯ ಮೇಲೆ ಯಾವುದೋ ಹಾಡು ಗುನುಗುತ್ತಿದೆ. ಅದನ್ನು ಊದಿ ಆರಿಸುವುದೇ?

"ರೀ," ಎಂದರು ಅತ್ತೆ, ಕ್ಯಾರಿಯರ್ ಮೇಲಿಂದಲೇ. ಹುರುಳಿಕಾಯಿ ಆಗಲೇ ಮುಗಿದಿತ್ತು. "ಎರಡು ಬೆಕ್ಕಿಗೆ ಬೆಣ್ಣೆ ಹಂಚೋಕೆ ಕೂತ ಕೋತಿ ಕಥೆ ಆಗ್ತಿದೆ ನಿಮ್ಮದು."

"ನೀನು ಅಲ್ಲಾಡ್ಬೇಡ, ತೂಕ ತಪ್ಪುತ್ತೆ."

"ತೂಕ ತಪ್ಪಿರೋದು ಎಲ್ಲಿ ಅಂತ ನನಗೆ ಕಾಣ್ತಿದೆ. ಕೂದಲಾದರೆ ಹದಿನೈದು ದಿನಕ್ಕೆ ಬೆಳೆಯುತ್ತೆ. ಇದೇನು ಬೆಳೆಯುತ್ತಾ?"

ಬ್ಲೇಡು ಎಡಗಡೆಯ ಅಂಚಿನಲ್ಲಿ ಸರಕ್ ಸರಕ್ ಎಂದು ಓಡುತ್ತಿತ್ತು. ಸೊಸೆ ಗಡಿಯಾರ ನೋಡಿದಳು. ಒಂದು ಮೂವತ್ತೈದು. ಮತ್ತೆ ಗಾಡಿ ನೋಡಿದಳು. ಆಗ ಅವಳಿಗೆ ಬ್ಲೇಡಿನ ದಾರಿ ಕಂಡಿತು. ಮಡ್‌ಗಾರ್ಡನ್ನು ಕೆಳಗಿನ ಕಬ್ಬಿಣದ ಪಟ್ಟಿಗೆ ಹಿಡಿದಿಡುವ ಒಂದು ಬೋಲ್ಟಿದೆ. ಬ್ಲೇಡು ಆ ಬೋಲ್ಟಿನ ಮೇಲ್ಗಡೆಯಿಂದ ಹಾದುಹೋಗುತ್ತಿತ್ತು.

"ಮಾವ, ಸಾಕು!"

ಮಾತು ಬಾಯಿಂದ ಬಂದದ್ದೂ ತುಂಡು ಕಳಚಿದ್ದೂ ಒಟ್ಟಿಗೆ. ಬೋಲ್ಟಿನ ಸಮೇತ ಅಂಗೈಯಗಲದ ಚೂರು ಪಟ್ಟಿಗೆ ಅಂಟಿಕೊಂಡು ಕೆಳಗೇ ಉಳಿಯಿತು. ಹಿಡಿತ ತಪ್ಪಿದ ಮಡ್‌ಗಾರ್ಡಿನ ಹಿಂಬದಿ ದೊಪ್ಪನೆ ಟೈರಿನ ಮೇಲೆ ಕುಸಿದು ಕೂತಿತು. ಬೆಳಿಗ್ಗೆ ತಿರುಗಿಸಿದಾಗ ಮಾತ್ರ ಉಜ್ಜುತ್ತಿದ್ದದ್ದು ಈಗ ನಿಂತಲ್ಲೇ ಉಜ್ಜುತ್ತಿತ್ತು.

ಮಾವ ಬ್ಲೇಡು ಕೆಳಗಿಟ್ಟರು. ಕತ್ತರಿಯಾಡುತ್ತಿದ್ದ ಎರಡು ಬೆರಳುಗಳೂ ಸುಮ್ಮನಾದವು. ಎಲ್ಲ ಮುಗಿಯಿತು ಎಂದುಕೊಂಡಳು ಸೊಸೆ. ಹೊಳೆ ಹೋಯಿತು, ಬಿಡಾರ ಹೋಯಿತು, ಹಿರಿಯರಿಗೆ ಗದರಿದ ಪಾಪ ಒಂದು ಉಳಿಯಿತು.

ಆದರೆ ಮಾವ ಅವಳ ಕಡೆ ತಿರುಗಿದಾಗ ಮುಖದಲ್ಲಿ ನೋವಿರಲಿಲ್ಲ. ಅಚ್ಚರಿಯಿತ್ತು.

"ಅಲ್ಲಮ್ಮ, ಇಷ್ಟು ಹೊತ್ತು ಯಾಕೆ ಹೇಳಲಿಲ್ಲ?"

"ಏನು ಮಾವ?"

"ಸಾಕು ಅಂತ. ನಲವತ್ತೊಂದು ವರ್ಷದಲ್ಲಿ ನಾನಾಗಿ ನಾನು ಯಾವತ್ತೂ ನಿಲ್ಲಿಸಿದೋನಲ್ಲ. ಕುರ್ಚಿಲಿ ಕೂತೋರು ಕನ್ನಡಿ ನೋಡಿ 'ಸಾಕು' ಅಂತಾರೆ, ನಾನು ಬಟ್ಟೆ ಕೊಡವ್ತೀನಿ. ಅವರು ಅನ್ನೋತನಕ ನನ್ನ ಕಣ್ಣಿಗೆ ಒಂದು ಕಡೆ ಹೆಚ್ಚೇ ಕಾಣುತ್ತೆ. ಗಿರಾಕಿ ಸುಮ್ಮನಿದ್ರೆ ನಾನು ಬೋಳು ಮಾಡೋತನಕ ಬಿಡಲ್ಲ. ಗಾಡಿ ನಿನ್ನದು, ನೀನೇ ಹೇಳಬೇಕಾಗಿತ್ತು. ನಾನು ನಿನ್ನ ಮಾತಿಗೇ ಕಾಯ್ತಿದ್ದೆ."

ಸೊಸೆಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಮಾವನ ಮನಸ್ಸು ನೋಯಬಾರದೆಂದು ಅವಳು ಬಾಯಿ ಕಟ್ಟಿಕೊಂಡಿದ್ದಳು, ಮಾವ ಅವಳ ಬಾಯಿ ನೋಡುತ್ತಾ ಕತ್ತರಿಸುತ್ತಲೇ ಹೋಗಿದ್ದರು. ಅವಳ ಮರ್ಯಾದೆಯೇ ಮಡ್‌ಗಾರ್ಡನ್ನು ತಿಂದಿತ್ತು.

"ನಾನು ಹೇಳಿದೆನಲ್ಲ, ಕೋತಿ ಅಂತ" ಎಂದರು ಅತ್ತೆ.

"ನೀನು ಗಿರಾಕಿಯಲ್ಲ. ಅಂಗಡಿ ಬಾಗಿಲಲ್ಲಿ ಪೇಪರ್ ಓದೋಕೆ ಬಂದೋರು ನೂರು ಹೇಳ್ತಾರೆ."

ಅತ್ತೆಗೆ ನಗು ತಡೆಯಲಾಗಲಿಲ್ಲ. ಆ ನಗುವಿಗೆ ಗಾಡಿ ಅಲ್ಲಾಡಿತು. ಇಳಿಯಲು ಕಾಲು ಚಾಚಿ, ಮತ್ತೆ ಏನೋ ಯೋಚಿಸಿ ಅಲ್ಲೇ ಕೂತರು. "ಈಗ ಏನಾಗ್ಬೇಕು ಹೇಳಮ್ಮ, ಟೈಮಿಲ್ಲ. ಬೇಕಿದ್ರೆ ನಾನೇ ಕೈಲಿ ಎತ್ತಿ ಹಿಡ್ಕೊಂಡು ಹೊಳೆತನಕ ಬರ್ತೀನಿ."

ಸೊಸೆ ಮಂಡಿಯೂರಿ ಕೂತು ನೋಡಿದಳು. ಮೇಲೆ ಜೋತುಬಿದ್ದ ಅಂಚು, ಕೆಳಗೆ ಬೋಲ್ಟು ಹಿಡಿದುಕೊಂಡ ಚೂರು. ಎರಡರ ನಡುವೆ ನೇರವಾದ ಸೀಳು. ಗಣಿಯಲ್ಲಿ ಕಲ್ಲು ಸಿಡಿದು ಕೈಕಾಲು ಸೀಳಿಸಿಕೊಂಡು ಬಂದವರ ಗಾಯವನ್ನು ಡಾಕ್ಟರು ಹೊಲಿಯುವಾಗ ಪಕ್ಕದಲ್ಲಿ ನಿಂತು ಅಂಚು ಕೂಡಿಸಿ ಹಿಡಿದವಳು ಅವಳು. ಎಷ್ಟು ದೂರಕ್ಕೊಂದು ಹೊಲಿಗೆ, ಗಂಟು ಯಾವ ಪಕ್ಕಕ್ಕೆ, ಎಲ್ಲ ಕಣ್ಣಿಗೆ ರೂಢಿ.

"ಅತ್ತೆ, ನೀವು ಇಳೀಬೇಡಿ. ಮಾವ, ಒಂದು ದಪ್ಪ ಮೊಳೆ, ಇಕ್ಕಳ, ಬಟ್ಟೆ ಒಣಹಾಕೋ ತಂತಿ."

"ಎಷ್ಟುದ್ದ?"

"ಒಂದು ಮಾರು."

ಅವಳು ಮಾವನಿಗೆ ಕೆಲಸ ಹೇಳಿದ್ದು ಇದೇ ಮೊದಲು. ಮಾವ ಓಡಿದರು ಎನ್ನಲಾಗದು, ಆ ಮಂಡಿಯಲ್ಲಿ ಓಡುವಂತಿರಲಿಲ್ಲ, ಆದರೆ ಓಡುವವರ ಮುಖ ಮಾಡಿಕೊಂಡು ಹೋದರು. ಅಡುಗೆಮನೆಯ ಒಲೆಯಲ್ಲಿ ಮೊಳೆ ಕಾಯಿಸಿ ಇಕ್ಕಳದಲ್ಲಿ ಹಿಡಿದು ತಂದರು. ಅವಳು ಸೀಳಿನ ಆಚೆ ಒಂದು, ಈಚೆ ಒಂದು, ಜೋಡಿ ಜೋಡಿಯಾಗಿ ತೂತು ಸುಟ್ಟಳು. ಮೊಳೆ ತಣ್ಣಗಾಗುವ ಹೊತ್ತಿಗೆ ಮಾವ ಇನ್ನೊಂದು ತರುತ್ತಿದ್ದರು. ಆಮೇಲೆ ಅವರು ಎರಡು ಅಂಚುಗಳನ್ನೂ ಕೂಡಿಸಿ ಹಿಡಿದರು. ತಲೆ ಅಲ್ಲಾಡದಂತೆ ಹಿಡಿದು ರೂಢಿಯಾದ ಆ ಕೈ ಒಂದಿಷ್ಟೂ ನಡುಗಲಿಲ್ಲ. ತಂತಿ ಒಳಗಿಂದ ಹೊರಗೆ, ಹೊರಗಿಂದ ಒಳಗೆ. ಪ್ರತಿ ಹೊಲಿಗೆಗೂ ಬೇರೆ ಗಂಟು, ಒಂದು ಬಿಚ್ಚಿದರೂ ಉಳಿದವು ನಿಲ್ಲಬೇಕು. ಗಂಟು ಹೊರಮುಖಕ್ಕೆ, ಟೈರಿಗೆ ತಾಗಬಾರದು. ಏಳು ಹೊಲಿಗೆ.

ಏಳನೆಯದರ ತುದಿಯನ್ನು ಇಕ್ಕಳದಲ್ಲಿ ಮಡಚಿ, ಅವಳು ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದಳು, ಪೂರ್ತಿ ಬಲಕ್ಕೆ ತಿರುಗಿಸಿದಳು. ಅತ್ತೆ ಮೇಲಿಂದ ಎರಡು ಸಲ ಕುಪ್ಪಳಿಸಿ ನೋಡಿದರು. ಮಡ್‌ಗಾರ್ಡ್ ಜಗ್ಗಲಿಲ್ಲ, ಟೈರು ಮುಟ್ಟಲಿಲ್ಲ.

ಗಂಟೆ ಎರಡು ಐದು.

"ಚಂದ ಇಲ್ಲ" ಎಂದರು ಮಾವ, ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಾ. ಎಡಗಡೆ ಹೊಲಿಗೆಯ ಗಾಯದ ಹಾಗೆ, ಬಲಗಡೆ ಇಲಿ ಕಡಿದ ಹಾಗೆ. ಇಬ್ಬದಿಯಲ್ಲೂ ಮಡ್‌ಗಾರ್ಡ್ ಅರ್ಧಕ್ಕರ್ಧ ಇಲ್ಲ. "ಕೆಸರು ಮುಖಕ್ಕೇ ಹಾರುತ್ತಮ್ಮ. ಕನ್ನಡಕ ಹಾಕ್ಕೋ." ತಮ್ಮದೇ ಕನ್ನಡಕ ತೆಗೆದು ಕೊಡಲು ಹೋದರು.

"ಅದು ಹಾಕ್ಕೊಂಡ್ರೆ ಅವಳಿಗೆ ಹೊಳೆ ಎಲ್ಲಿ ಕಾಣುತ್ತೆ?" ಎಂದು ಅತ್ತೆ ಒಳಗೆ ಹೋಗಿ, ಈರುಳ್ಳಿ ಹೆಚ್ಚುವಾಗ ತಾವು ಹಾಕಿಕೊಳ್ಳುತ್ತಿದ್ದ ಹಳೆಯ ಈಜುಕನ್ನಡಕ ತಂದು ಅವಳ ತಲೆಗೆ ತೊಡಿಸಿದರು. ತೊಡಿಸುವಾಗ ಎಳೆದು ಸಿಕ್ಕಿದ ಕೂದಲನ್ನು ಒಂದೊಂದಾಗಿ ಬಿಡಿಸಿದರು. ಅಷ್ಟು ಅವಸರದಲ್ಲೂ.

ದಾರಿಯುದ್ದಕ್ಕೂ ಸೊಸೆಗೆ ಕೂತಲ್ಲಿ ಕೂರಲಾಗಲಿಲ್ಲ. ಕಣ್ಣು ರಸ್ತೆಯ ಮೇಲೆ, ಕಿವಿ ಎಡಗಡೆಯ ಚಕ್ರದ ಮೇಲೆ. ಹೊಳೆಯ ದಡ ತಲುಪುವಾಗ ಅಣೆಕಟ್ಟಿನ ಮೊದಲ ಸೈರನ್ನು ಕೂಗಿತು. ಮೂರು ಕೂಗುತ್ತಾರೆ, ಮೂರನೆಯದಕ್ಕೆ ಬಾಗಿಲು ಎತ್ತುತ್ತಾರೆ. ಮೊದಲ ತಿರುವಿನಲ್ಲಿ ಹ್ಯಾಂಡಲ್ ಪೂರ್ತಿ ತಿರುಗಿಸುವಾಗ ಅವಳು ಉಸಿರು ಹಿಡಿದಿದ್ದಳು. ಎರಡನೆಯ ತಿರುವಿನಲ್ಲೂ ಹಿಡಿದೇ ಇದ್ದಳು. ಮೂರನೆಯದನ್ನು ದಾಟಿದ್ದು ಅವಳಿಗೆ ತಿಳಿಯಲೇ ಇಲ್ಲ, ಅಷ್ಟರಲ್ಲಿ ಗಾಡಿ ಕೆಸರಿಗೆ ಇಳಿದಿತ್ತು.

ದೊಡ್ಡ ಟೈರು ಹೂತುಕೊಳ್ಳಲಿಲ್ಲ. ಆದರೆ ತಡೆಯುವ ಮಡ್‌ಗಾರ್ಡಿಲ್ಲದೆ ಎರಡು ಚಕ್ರಗಳೂ ಕೆಸರನ್ನು ಬೊಗಸೆ ಬೊಗಸೆಯಾಗಿ ಎತ್ತಿ ಅವಳ ಮೇಲೆ ಎರಚಿದವು. ಬಾಯಿ ಮುಚ್ಚಿಕೊಂಡು, ಕನ್ನಡಕವನ್ನು ತೋಳಿನಿಂದ ಒರೆಸಿಕೊಳ್ಳುತ್ತಾ, ಎರಡನೆಯ ಸೈರನ್ನಿಗೆ ಪಾತ್ರದ ನಡುವಿನಲ್ಲಿದ್ದಳು. ಮೂರನೆಯದು ಕೂಗುವಾಗ ಮುಂದಿನ ಚಕ್ರ ಆಚೆ ದಡದ ಗಟ್ಟಿ ನೆಲ ಹಿಡಿದಿತ್ತು.

ತಗಡಿನ ಶೆಡ್ಡಿನ ಕೆಳಗೆ ಯಾರೂ ಇರಲಿಲ್ಲ.

ಅವಳು ಎಂಜಿನ್ ಆರಿಸಿ ನಿಂತಳು. ಯಾಕೆ ಇರುತ್ತಾರೆ? ಒಂದು ದಿನದ ಕೂಲಿ ಹೋದದ್ದು ಅವರಿಗೆ ಮರೆತಿರುತ್ತದೆಯೇ? ಹಾರ್ನ್ ಒತ್ತಿದಳು. ಸಾಲಿನ ಕೊನೆಯ ಬಿಡಾರದಿಂದ ಪಾತ್ರೆ ತೊಳೆಯುತ್ತಿದ್ದ ಹೆಂಗಸೊಬ್ಬಳು ತಲೆ ಎತ್ತಿದಳು. ಹತ್ತಿರ ಬಂದು, ಮೇಲಿಂದ ಕೆಳಗೆ ನೋಡಿ, "ಯಾರು ಬೇಕಿತ್ತು?" ಎಂದಳು. ಅವಳಿಗೆ ಕಂಡದ್ದು ಒಂದು ಕೆಸರಿನ ಗೊಂಬೆ.

"ನಾನೇ ಕಣಕ್ಕ. ಸೂಜಿಯವಳು."

"ಅಯ್ಯೋ ನಿನ್ನ! ಈ ಸಲ ಬಂದ್ಬಿಟ್ಯಾ?" ಎಂದು ಆ ಹೆಂಗಸು ಗಣಿಯ ಕಡೆ ತಿರುಗಿ, ಬಾಯಿಗೆ ಎರಡೂ ಕೈ ಹಿಡಿದು ಕೂಗಿದಳು. ಆಮೇಲೆ ತೊಳೆದ ಪಾತ್ರೆಯಲ್ಲಿ ನೀರು ತಂದು, ಇವಳು ಕೈಯೊಡ್ಡಿ ಮುಖ ತೊಳೆದುಕೊಳ್ಳುವಷ್ಟು ಹೊತ್ತು ಸಣ್ಣಗೆ ಸುರಿಯುತ್ತಾ ನಿಂತಳು. ಕುಡಿಯುವ ನೀರನ್ನು ದೂರದಿಂದ ಹೊತ್ತು ತರುವ ಜಾಗ ಅದು. ಅರ್ಧ ಕೊಡ ಖಾಲಿಯಾಯಿತು.

ಕಲ್ಲಿನ ಪುಡಿ ಮೆತ್ತಿದ ತಾಯಂದಿರು ಒಬ್ಬೊಬ್ಬರಾಗಿ ಬಂದರು. ಬರುವಾಗಲೇ ಒಬ್ಬಳು ಚುಚ್ಚಿದಳು, "ನಿನ್ನ ಗಾಡಿಗೆ ಯಾರು ಕಟಿಂಗ್ ಮಾಡಿದ್ದು?" ಇನ್ನೊಬ್ಬಳು, "ಮಗು ಹೆದರುತ್ತೆ, ಮೊದಲು ಆ ಕಪ್ಪೆಗಣ್ಣಿನ ಕನ್ನಡಕ ತೆಗಿ" ಎಂದಳು. ಪೆಟ್ಟಿಗೆ ತೆರೆದರೆ ಐಸ್ ಪ್ಯಾಕ್ ಇನ್ನೂ ಕಲ್ಲಿನಂತಿತ್ತು. ಒಂದರ ಹಿಂದೆ ಒಂದು ಹದಿನೆಂಟು ಮಕ್ಕಳು ಅತ್ತು, ಹದಿನೆಂಟು ಮಕ್ಕಳು ಸುಮ್ಮನಾದವು.

ಹತ್ತೊಂಬತ್ತನೆಯದು ತಾಯಿಯ ಹೆಗಲ ಮೇಲೆ ಗಾಢವಾಗಿ ನಿದ್ದೆ ಹೋಗಿತ್ತು. ಎರಡು ರಾತ್ರಿಯಿಂದ ಹಲ್ಲು ಬರುವ ನೋವಿಗೆ ಮಲಗಿರಲಿಲ್ಲವಂತೆ, ಈಗಷ್ಟೇ ಕಣ್ಣು ಮುಚ್ಚಿದೆ. "ಎಬ್ಬಿಸ್ತೀನಿ ತಾಳಿ, ನಿಮಗೆ ಹೊತ್ತಾಗುತ್ತೆ" ಎಂದು ತಾಯಿ ಬೆನ್ನು ತಟ್ಟಲು ಕೈ ಎತ್ತಿದಳು.

"ಬೇಡ, ಬೇಡ" ಎಂದಳು ಸೊಸೆ. "ನಾಳೆ ಬೆಳಿಗ್ಗೆತನಕ ಹೊಳೆ ನನ್ನನ್ನ ಎಲ್ಲಿ ಬಿಡುತ್ತೆ? ಅದಾಗಿ ಅದು ಏಳಲಿ."

ಯಾರೋ ಒಂದು ಮರದ ಪೆಟ್ಟಿಗೆಯನ್ನು ಬೋರಲು ಹಾಕಿ ಅವಳ ಕಡೆ ತಳ್ಳಿದರು. ಬೆಳಗಿನಿಂದ ಮೊದಲ ಸಲ ಅವಳು ನಿರಾಳವಾಗಿ ಕೂತಳು. ದೂರದಲ್ಲಿ ಹೊಳೆ ತುಂಬಿ ಬರುವ ಸದ್ದು ಕೇಳುತ್ತಿತ್ತು. ಮಗುವಿನ ಬಾಯಿಂದ ಜೊಲ್ಲಿನ ಎಳೆಯೊಂದು ತಾಯಿಯ ಭುಜಕ್ಕೆ ಇಳಿಯುತ್ತಿತ್ತು. ಅವಳು ಹತ್ತಿಯ ಉಂಡೆಯೊಂದನ್ನು ಹರಿದು, ಮಗು ಎಚ್ಚರಾಗದಂತೆ, ಮೆಲ್ಲಗೆ ಒರೆಸಿದಳು.